ಹಳೇ ಶಿಕಾರಿ ರೈಫಲ್ ಕೆಟ್ಟರೆ ಮೊದಲು ಕಟ್ಟಿಗೆ ನೋಡಿ, ಆಮೇಲೆ ಕಬ್ಬಿಣ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ವಾಡೆಗಳಲ್ಲಿ ಲೈಸೆನ್ಸ್ ಸಮೇತ ಉಳಿದುಕೊಂಡಿರುವ ಹಳೇ ಶಿಕಾರಿ ಬಂದೂಕುಗಳಲ್ಲಿ ನಿಜಾಮರ ಕಾಲದವು, ಅಂದರೆ 1948ಕ್ಕೆ ಮೊದಲು ಬಂದವು ಹಲವಿವೆ. ಬರ್ಮಿಂಗ್‌ಹ್ಯಾಮ್‌ನ ವೆಸ್ಟ್ಲಿ ರಿಚರ್ಡ್ಸ್, ಲಂಡನ್ನಿನ ಹಾಲಂಡ್ ಅಂಡ್ ಹಾಲಂಡ್, ರಿಗ್ಬಿ, ಕಲ್ಕತ್ತೆಯ ಮ್ಯಾಂಟನ್ ಅಥವಾ ರೊಡ್ಡಾ ಮುದ್ರೆಯ ಮಾಲು, ಜರ್ಮನಿಯ ಮೌಸರ್ ಆ್ಯಕ್ಷನ್ (ನಳಿಗೆಯ ಹಿಂದೆ ತೋಟಾ ಹಾಕಿ ಹಾರಿಸುವ ಕಬ್ಬಿಣದ ಭಾಗ) ಮೇಲೆ ಕಟ್ಟಿದ ರೈಫಲ್ಲು, ಆಮೇಲಿನ ಇಶಾಪುರ ಕಾರ್ಖಾನೆಯ .315 ಇವೇ ಸಾಮಾನ್ಯವಾಗಿ ಎದುರಾಗುವವು. ಇವುಗಳ ಕಬ್ಬಿಣ ಗಟ್ಟಿ. ನಮ್ಮ ಸೀಮೆಯಲ್ಲಿ ಮೊದಲು ಸೋಲುವುದು ಕಟ್ಟಿಗೆ.

ಕಾರಣ ಹವಾಮಾನ. ಇಂಗ್ಲೆಂಡಿನ ತೇವದ ಗಾಳಿಯಲ್ಲಿ ಕೂದಲೆಳೆ ಸಂದಿಲ್ಲದಂತೆ ಕೂರಿಸಿದ ಅಕ್ರೋಟ್ ಮರದ ಕುಂದಾ (ಕಬ್ಬಿಣವನ್ನು ಹೊತ್ತು ಹೆಗಲಿಗೆ ಒರಗುವ ಕಟ್ಟಿಗೆ ಭಾಗ), 43–44 ಡಿಗ್ರಿಯ ಮೇ ತಿಂಗಳ ಒಣ ಬಿಸಿಗೆ ಎಳೆಯ ಅಡ್ಡಕ್ಕೆ ಕುಗ್ಗುತ್ತದೆ. ಉದ್ದಕ್ಕೆ ಬಹುತೇಕ ಕುಗ್ಗುವುದೇ ಇಲ್ಲ. ಜುಲೈ–ಆಗಸ್ಟ್‌ನಲ್ಲಿ ಮತ್ತೆ ಉಬ್ಬುತ್ತದೆ. ಬ್ಯಾಸಗಿಯಲ್ಲಿ ಬಂಡಿಯ ಗಾಲಿ ಸಡಿಲಾಗಿ, ಹಳ್ಳದ ನೀರಲ್ಲಿ ನೆನೆಸಿದ ಮೇಲೆ ಬಿಗಿಯಾಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಲಿಗೆ ಕಬ್ಬಿಣದ ಪಟ್ಟಿ ಹೊರಗಿನಿಂದ ಬಿಗಿದಿರುತ್ತದೆ. ಬಂದೂಕಿನಲ್ಲಿ ಕಬ್ಬಿಣ ಒಳಗಿದ್ದು ಕಟ್ಟಿಗೆ ಹೊರಗಿರುವುದರಿಂದ, ಕುಗ್ಗಿದ ಕಟ್ಟಿಗೆಗೆ ಸೀಳುವುದೊಂದೇ ದಾರಿ.

ಮುಟ್ಟುವ ಮೊದಲು

ಚೇಂಬರ್ (ತೋಟಾ ಕೂರುವ ಗೂಡು) ಖಾಲಿ ಇದೆಯೇ ಎಂದು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದಲೂ ಮುಟ್ಟಿ ಖಾತ್ರಿ ಮಾಡಿಕೊಳ್ಳಿ. ಮ್ಯಾಗಝಿನ್ ರೈಫಲ್ಲಿನಲ್ಲಿ ಮ್ಯಾಗಝಿನ್ನಿನ ತಳವನ್ನೂ ಮುಟ್ಟಿ ನೋಡಬೇಕು. ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು ಬಂದ ಮೇಲೆಯೇ ಪರೀಕ್ಷೆ ಶುರು.

ಇಲ್ಲಿ ಹೇಳುವುದರಲ್ಲಿ ಮಾಲೀಕರು ಮಾಡಬಹುದಾದದ್ದು ನೋಡುವುದು, ಅಳೆಯುವುದು, ಒರೆಸುವುದು, ಎಣ್ಣೆ ಕಾಣಿಸುವುದು, ಕುಂದಾದ ಮೇಲ್ಮೈ ಕೆಲಸ. ಲಾಕ್ (ಹಾರಿಸುವ ಒಳಯಂತ್ರ) ಬಿಚ್ಚುವುದು, ಭಾಗ ಬದಲಿಸುವುದು, ನಳಿಗೆಗೆ ಕೈ ಹಾಕುವುದು ರಿಪೇರಿ ಲೈಸೆನ್ಸ್ ಇರುವ ಗನ್ ಹೌಸಿನ ಕೆಲಸ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ವ್ಯಾಪಾರವಾಗಿ ರಿಪೇರಿ ಮಾಡುವುದಕ್ಕೂ ಲೈಸೆನ್ಸ್ ಬೇಕು. ಊರ ಕಮ್ಮಾರನ ಕುಲುಮೆಗೆ ಬಂದೂಕು ಒಯ್ದರೆ ಇಬ್ಬರಿಗೂ ತೊಂದರೆ. ನಳಿಗೆ ಮೊಂಡು ಮಾಡಿಸುವುದನ್ನು 6ನೇ ಕಲಮು ತಡೆಯುತ್ತದೆ. ‘ಹಳೇದು, ಹಾರಂಗಿಲ್ಲ, ಲೈಸೆನ್ಸ್ ಬ್ಯಾಡ’ ಎನ್ನುವ ಮಾತನ್ನೂ ಪೂರ್ತಿ ನಂಬಬೇಡಿ: 45ನೇ ಕಲಮಿನ ವಿನಾಯಿತಿ ಸಿಗುವುದು ರಿಪೇರಿ ಮಾಡಿದರೂ ಬಂದೂಕಾಗಿ ಬಳಸಲು ಬಾರದ ಹಳೇ ಮಾದರಿಗೆ ಮಾತ್ರ. ಇನ್ನು ಬೇಟೆಯ ವಿಷಯ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ತಿದ್ದುಪಡಿ ಆದಮೇಲೆ ಶಿಕಾರಿ ಲೈಸೆನ್ಸ್ ಎಂಬುದೇ ಇಲ್ಲ. ಬೀದರ್ ಬಯಲಿನ ಕೃಷ್ಣಮೃಗವಿರಲಿ, ಚಿಂಚೋಳಿ ಕಾಡಿನಂಚಿನ ಹಂದಿಯಿರಲಿ, ಬೆಳೆ ರಕ್ಷಣೆಗೆಂದು ಕೊಟ್ಟ ಬಂದೂಕಿನ ಲೈಸೆನ್ಸ್ ಅವುಗಳ ಮೇಲೆ ಗುಂಡು ಹಾರಿಸುವ ಅನುಮತಿಯಲ್ಲ.

ಸ್ಕ್ರೂ ಏನು ಹೇಳುತ್ತದೆ

ಬಂದೂಕನ್ನು ಕೈಗೆತ್ತಿಕೊಂಡ ಕೂಡಲೇ ಸ್ಕ್ರೂ ತಲೆಗಳನ್ನು ನೋಡಿ. ಒಳ್ಳೆಯ ಬ್ರಿಟಿಷ್ ಕೆಲಸದಲ್ಲಿ ಸ್ಕ್ರೂ ತಲೆಯ ಗೀರುಗಳು ಬಲು ಸಣ್ಣವು. ಕಣ್ಣಿಗೆ ಬೀಳುವ ಮುಖ್ಯ ಸ್ಕ್ರೂಗಳ ಗೀರು ನಳಿಗೆಯ ಉದ್ದಕ್ಕೆ ಸರಿಯಾಗಿ ನಿಂತಿರುತ್ತದೆ. ಇದು ಬರೀ ಅಂದವಲ್ಲ. ಪೂರ್ತಿ ಬಿಗಿದಾಗ ಗೀರು ಆ ಸಾಲಿಗೇ ಬರುವಂತೆ ಮೊದಲೇ ಕೂರಿಸಿರುತ್ತಾರೆ. ಆದ್ದರಿಂದ ಗೀರು ಸಾಲಿಗೆ ಬರುವ ಮೊದಲೇ ನಿಂತಿದ್ದರೆ ಸ್ಕ್ರೂ ಸಡಿಲಾಗಿದೆ ಅಥವಾ ಯಾರೋ ಬಿಚ್ಚಿ ಸರಿಯಾಗಿ ಕೂರಿಸಿಲ್ಲ. ಸಾಲು ದಾಟಿ ಮುಂದೆ ಹೋಗಿದ್ದರೆ ಒಳಗೆ ಕಟ್ಟಿಗೆ ಕುಗ್ಗಿದೆ ಅಥವಾ ಜಜ್ಜಿದೆ. ಗೀರಿನ ಅಂಚು ಕಿತ್ತಿದ್ದರೆ ಬಜಾರಿನ ದಪ್ಪ ಸ್ಕ್ರೂಡ್ರೈವರ್ ಒಳಗೆ ಹೋಗಿ ಬಂದಿದೆ ಎಂದರ್ಥ. ಅಂಥ ಬಂದೂಕಿನ ಒಳಭಾಗವನ್ನು ಅನುಮಾನದಿಂದಲೇ ನೋಡಬೇಕು. ಬಿಗಿಯುವುದಿದ್ದರೆ ಬಾಯಿ ಇಳಿಜಾರಿಲ್ಲದೆ ಸಮಾನಾಂತರವಾಗಿ ಉಜ್ಜಿದ, ಗೀರಿನ ಅಗಲ–ಉದ್ದ ಎರಡಕ್ಕೂ ತುಂಬಿ ಕೂರುವ ಸ್ಕ್ರೂಡ್ರೈವರನ್ನೇ ಬಳಸಿ.

‘ನಿಶಾನಿ ಹತ್ತವಲ್ಲದು’

ಗುರಿ ಅಭ್ಯಾಸದ ರೇಂಜಿನಲ್ಲಿ ಚಳಿಗಾಲಕ್ಕೆ ಸರಿಯಾಗಿದ್ದ ಬೋಲ್ಟ್ ರೈಫಲ್ (ಅಗುಳಿಯಂತೆ ಕೈಯಿಂದ ಎಳೆದು ತಳ್ಳಿ ತೋಟಾ ಹಾಕುವಂಥದ್ದು) ಬ್ಯಾಸಗಿಯಲ್ಲಿ ಗುಂಡನ್ನು ಚೆಲ್ಲಾಡಿದರೆ ದುರ್ಬೀನು, ನಳಿಗೆ ಎರಡನ್ನೂ ದೂರುವ ಮೊದಲು ಕೆಳಗಿನ ಎರಡು ದೊಡ್ಡ ಸ್ಕ್ರೂ ನೋಡಿ. ಮೌಸರ್ ಮಾದರಿಯಲ್ಲಿ ಒಂದು ಮ್ಯಾಗಝಿನ್ನಿನ ಮುಂದೆ, ಇನ್ನೊಂದು ಟ್ರಿಗರ್ ಗಾರ್ಡಿನ ಹಿಂದೆ ಇರುತ್ತದೆ. ನಳಿಗೆಗೂ ಮುಂಭಾಗದ ಕಟ್ಟಿಗೆಗೂ ನಡುವಿನ ಸಂದಿನ ಮೇಲೆ ಬೆರಳಿಟ್ಟು ಮುಂದಿನ ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿ ಮತ್ತೆ ಬಿಗಿಯಿರಿ. ನಳಿಗೆ ಏಳುವುದು, ಕೂರುವುದು ಬೆರಳಿಗೆ ಗೊತ್ತಾದರೆ ಆ್ಯಕ್ಷನ್ ಸಮನಾಗಿ ಕೂತಿಲ್ಲ. ಸ್ಕ್ರೂ ಬಿಗಿದಾಗಲೆಲ್ಲ ಅದು ಬಿಲ್ಲಿನಂತೆ ಬಾಗುತ್ತಿದೆ.

ಬಿಗಿಯುವಾಗ ಮುಂದಿನದು ಮೊದಲು, ಹಿಂದಿನದು ಆಮೇಲೆ. ಹಿಂದಿನ ಸ್ಕ್ರೂ ಹೋಗುವ ತೂತಿನಲ್ಲಿ ಉಕ್ಕಿನ ಸಣ್ಣ ಕೊಳವೆಯೊಂದು ಇರಬೇಕು. ಹಳೇ ರೈಫಲ್‌ಗಳಲ್ಲಿ ಇದು ಕಳೆದುಹೋಗಿರುವುದು ಹೊಸದಲ್ಲ. ಆಗ ಪ್ರತಿ ಬಿಗಿತಕ್ಕೂ ಕಟ್ಟಿಗೆ ಜಜ್ಜುತ್ತ ಹೋಗುತ್ತದೆ. ಕೊಳವೆ ಇದ್ದು, ಸ್ಕ್ರೂ ಕಲ್ಲಿನಂತೆ ಬಿಗಿಯಾಗಿದ್ದರೂ ಕುಂದಾ ಅಲುಗಾಡುತ್ತಿದ್ದರೆ ಕಟ್ಟಿಗೆ ಕೊಳವೆಗಿಂತ ಗಿಡ್ಡವಾಗಿದೆ. ಕಬ್ಬಿಣ ಕಬ್ಬಿಣವನ್ನೇ ಒತ್ತುತ್ತಿರುವುದರಿಂದ ಎಷ್ಟು ತಿರುವಿದರೂ ಕಟ್ಟಿಗೆಗೆ ಬಿಗಿತ ಹೋಗುವುದಿಲ್ಲ. ಕೊಳವೆಯನ್ನು ಅರ ಹಾಕಿ ತಗ್ಗಿಸುವುದು ಸುಲಭದ ದಾರಿ, ಮತ್ತು ತಪ್ಪು ದಾರಿ: ಮಳೆಗಾಲಕ್ಕೆ ಕಟ್ಟಿಗೆ ಉಬ್ಬಿದಾಗ ಲೆಕ್ಕ ಮತ್ತೆ ತಪ್ಪುತ್ತದೆ. ಆ್ಯಕ್ಷನ್ ಕೂರುವ ಜಾಗಕ್ಕೆ ಎಪಾಕ್ಸಿಯ ತೆಳು ಹಾಸು ಹಾಕಿಸುವುದೇ ಸರಿ.

ಮಳೆಗಾಲದಲ್ಲಿ ಇದೇ ದೂರು ಬಂದರೆ ಕಾರಣ ತಿರುಗುಮುರುಗು. ಮುಂಭಾಗದ ಕಟ್ಟಿಗೆ ಉಬ್ಬಿ ನಳಿಗೆಯನ್ನು ಒಂದು ಪಕ್ಕಕ್ಕೆ ಒತ್ತುತ್ತಿರುತ್ತದೆ. ಕಾಗದದ ಪಟ್ಟಿಯೊಂದನ್ನು ನಳಿಗೆಯ ಕೆಳಗೆ ತೂರಿಸಿ ಹಿಂದಕ್ಕೆ ಎಳೆದುಕೊಂಡು ಬನ್ನಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಒತ್ತಡ. ತುದಿಯಲ್ಲಿ ಮಾತ್ರ ಒಂದೇ ಕಡೆ ಒತ್ತುವಂತೆ ಕಟ್ಟಿದ ರೈಫಲ್‌ಗಳೂ ಇವೆ. ಆದ್ದರಿಂದ ಉಜ್ಜುಕಾಗದ ಹಿಡಿಯುವ ಮೊದಲು ಒತ್ತಡದ ಗುರುತು ಹಳೆಯದೋ ಹೊಸದೋ ನೋಡಿ.

ಕಟ್ಟಿಗೆ ಸರಿಯಿದ್ದರೆ ನಳಿಗೆಯ ಬಾಯಿಯಂಚು ನೋಡಿ. ಮಣ್ಣು ಮೆತ್ತಿದ ಹುರಿಯನ್ನು ಬಾಯಿಯಿಂದ ಎಳೆದೆಳೆದು ಒರೆಸಿದ ರೈಫಲ್‌ಗಳಲ್ಲಿ ಆ ಅಂಚು ಒಂದು ಪಕ್ಕಕ್ಕೆ ಸವೆದಿರುತ್ತದೆ. ಎರೆಮಣ್ಣಿನ ಧೂಳು ಮೆತ್ತಗೆ ಕಂಡರೂ ಅದರಲ್ಲಿನ ಕಣ ಉಕ್ಕನ್ನು ತೇಯುತ್ತದೆ.

‘ಕುಂದಾ ಸೀಳ್ಯಾದ’

ಸೀಳು ಎಲ್ಲಿದೆ ಎನ್ನುವುದರಲ್ಲೇ ಕಾರಣವೂ ಇದೆ. ಆ್ಯಕ್ಷನ್ನಿನ ಹಿಂಬಾಲದ ತುದಿಯಿಂದ ಹಿಡಿಯ ಕಡೆಗೆ ಸೀಳಿದ್ದರೆ ಒದೆತ ತಪ್ಪು ಜಾಗಕ್ಕೆ ಬೀಳುತ್ತಿದೆ. ಬೋಲ್ಟ್ ರೈಫಲ್ಲಿನಲ್ಲಿ ಒದೆತ ತಡೆಯಬೇಕಾದದ್ದು ಆ್ಯಕ್ಷನ್ನಿನ ಮುಂಭಾಗದ ಕೆಳಗಿರುವ ಉಬ್ಬು. ಹಿಂಬಾಲದ ಹಿಂದೆ ಅಂಚೆ ಕಾರ್ಡು ಹೋಗುವಷ್ಟು ಸಂದು ಇರಲೇಬೇಕು. ಆ ಸಂದು ಮುಚ್ಚಿದರೆ ಪ್ರತಿ ಬಾರಿಗೂ ಹಿಂಬಾಲ ಉಳಿಯಂತೆ ಒಳಗೆ ನುಗ್ಗುತ್ತದೆ. ಸೀಳನ್ನು ಅಂಟಿಸಿ ಸಂದನ್ನು ಬಿಡಿಸದಿದ್ದರೆ ಅದೇ ಗೆರೆಯಲ್ಲಿ ಮತ್ತೆ ಸೀಳುತ್ತದೆ.

ಡಬಲ್ ಬ್ಯಾರಲ್‌ನಲ್ಲಿ ಲಾಕ್ ಸುತ್ತಲ ಕಟ್ಟಿಗೆ ಕಪ್ಪಾಗಿ, ಉಗುರಿಗೆ ಮೆತ್ತಗೆ ಸಿಕ್ಕಿದರೆ ಅದು ಎಣ್ಣೆ ಕುಡಿದಿದೆ. ಗೂಟಕ್ಕೋ ಗೋಡೆಗೋ ಒರಗಿಸಿ ಕುಂದಾ ಕೆಳಗೆ ಮಾಡಿ ಇಟ್ಟರೆ ಲಾಕಿನ ಎಣ್ಣೆಯೆಲ್ಲ ಇಳಿದು ಕಟ್ಟಿಗೆಗೆ ಹೋಗುತ್ತದೆ. ಎಣ್ಣೆ ಹಾಕಿದ ನಂತರ ಒಂದು ರಾತ್ರಿ ನಳಿಗೆಯ ಬಾಯಿ ಕೆಳಗೆ ಮಾಡಿ, ಅಡಿಗೆ ಅರಿವೆ ಹಾಸಿ ನಿಲ್ಲಿಸಿ.

ಕುಡಿದ ಎಣ್ಣೆ ತೆಗೆಯಲು ಸೀಮೆಸುಣ್ಣದ ನುಣ್ಣನೆ ಪುಡಿಯನ್ನು ಅಸಿಟೋನಿನಲ್ಲಿ ಚಟ್ನಿಯ ಹದಕ್ಕೆ ಕಲಸಿ ಕಪ್ಪಾದ ಜಾಗಕ್ಕೆ ಬಳಿಯಿರಿ. ಕುಂದಾ ಕಬ್ಬಿಣದಿಂದ ಬೇರೆ ಮಾಡಿರಬೇಕು. ಅಸಿಟೋನ್ ಹಾರುತ್ತ ಎಣ್ಣೆಯನ್ನು ಮೇಲಕ್ಕೆ ಎಳೆಯುತ್ತದೆ; ಪುಡಿ ಹಳದಿಯಾಗುತ್ತದೆ. ಒಣಗಿದ್ದನ್ನು ಬ್ರಶ್ಶಿನಿಂದ ತೆಗೆದು, ಪುಡಿ ಬೆಳ್ಳಗೇ ಉಳಿಯುವ ತನಕ ಮತ್ತೆ ಮತ್ತೆ ಬಳಿಯಬೇಕು. ಬಯಲಿನ ಗಾಳಿಯಲ್ಲಿ, ಒಲೆ–ಬೀಡಿಯಿಂದ ದೂರ ಮಾಡಿ. ಎಣ್ಣೆ ಪೂರ್ತಿ ಹೋಗುವ ತನಕ ಯಾವ ಅಂಟೂ ಹಿಡಿಯುವುದಿಲ್ಲ. ಆಮೇಲೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಬಳಸಿ. ಬಡಿಗರ ಬಿಳಿ ಅಂಟು ಒದೆತಕ್ಕೆ ನಿಲ್ಲದು.

ಹೊರಮೈಗೆ ನಮ್ಮಲ್ಲೇ ಬೆಳೆಯುವ ಅಗಸಿಯ ಎಣ್ಣೆಗಿಂತ ಒಳ್ಳೆಯದಿಲ್ಲ. ಇಂಗ್ಲಿಷ್ ಕುಂದಾಗಳ ಹಳೇ ಹೊಳಪೂ ಅದರದ್ದೇ. ಗಾಣದ ಹಸಿ ಎಣ್ಣೆ ಒಣಗಲು ದಿನಗಟ್ಟಲೆ ಹಿಡಿಯುತ್ತದೆ, ಪೇಂಟ್ ಅಂಗಡಿಯ ಬೇಯಿಸಿದ ಎಣ್ಣೆ ಬೇಗ ಒಣಗುತ್ತದೆ. ಇಡೀ ಕುಂದಾಗೆ ನಾಲ್ಕೈದು ಹನಿ ಸಾಕು. ಅಂಗೈಯಿಂದ ಬಿಸಿಯಾಗುವ ತನಕ ಉಜ್ಜಿ, ಉಳಿದದ್ದನ್ನು ಒರೆಸಿ, ಕನಿಷ್ಠ ಒಂದು ದಿನ ಬಿಟ್ಟು ಮುಂದಿನ ಲೇಪ. ಹೆಚ್ಚು ಹಚ್ಚಿದರೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ: ಅಗಸಿ ಎಣ್ಣೆ ಗಾಳಿಯೊಡನೆ ಸೇರಿ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಸೇರಿಕೊಂಡು ಬೆಂಕಿ ತಾನೇ ಹತ್ತುತ್ತದೆ. ಏಪ್ರಿಲ್–ಮೇ ತಿಂಗಳಲ್ಲಂತೂ ಅರಿವೆಯನ್ನು ನೀರಲ್ಲಿ ಮುಳುಗಿಸಿಯೇ ಬಿಸಾಕಿ.

‘ಕುದುರಿ ಬೀಳ್ತದ, ಬಾರ ಹಾರಂಗಿಲ್ಲ’

ಟ್ರಿಗರ್ ಎಳೆದಾಗ ಬಿದ್ದು ತೋಟಾಗೆ ಪೆಟ್ಟು ಕೊಡುವ ಭಾಗವೇ ಕುದುರೆ. ಹಾರದ ತೋಟಾವನ್ನು ಕೂಡಲೇ ತೆಗೆಯಬೇಡಿ. ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು 30 ಸೆಕೆಂಡ್ ಕಾಯಿರಿ. ತಡವಾಗಿ ಹಾರುವ ತೋಟಾಗಳೂ ಇವೆ. ಆಮೇಲೆ ತೆಗೆದು ಹಿಂಬದಿಯ ಟೋಪಿಯ (ಮದ್ದಿಗೆ ಕಿಡಿ ಕೊಡುವ ಬಿಲ್ಲೆಯ) ಮೇಲೆ ಸೂಜಿ ಬಡಿದ ತಗ್ಗು ನೋಡಿ. ತಗ್ಗು ಆಳವಾಗಿ ನಡುಮಧ್ಯೆ ಇದ್ದರೆ ತಪ್ಪು ತೋಟಾದ್ದು. ತಗ್ಗು ಬಗಲಿಗೆ ಸರಿದಿದ್ದರೆ ನಳಿಗೆಯ ಕೀಲು ಅಥವಾ ಸೂಜಿಯ ತೂತು ಸವೆದಿದೆ. ತಗ್ಗು ತೆಳುವಾಗಿದ್ದರೆ ಬಂದೂಕಿನೊಳಗೆ ಅಂಟಿದೆ, ಇಲ್ಲವೇ ಸ್ಪ್ರಿಂಗ್ ಸೋತಿದೆ. ನಮ್ಮ ಕಡೆ ಸ್ಪ್ರಿಂಗಿಗಿಂತ ಅಂಟೇ ಹೆಚ್ಚು.

ಈ ಅಂಟು ಅಡುಗೆಮನೆಯಿಂದ ಬಂದದ್ದು. ಕುಸುಬಿ ಎಣ್ಣೆ ಗಾಳಿಗೆ ಒಣಗುವ ಜಾತಿಯದು. ಲಾಕಿನೊಳಗೆ ಹೋದರೆ ಕೆಲವು ತಿಂಗಳಲ್ಲಿ ವಾರ್ನಿಶ್ ಆಗುತ್ತದೆ. ಕುಂದಾಗೆ ಒಳ್ಳೆಯದಾದ ಅಗಸಿ ಎಣ್ಣೆ ಲಾಕಿಗೆ ಕೆಟ್ಟದಾಗುವುದೂ ಇದಕ್ಕೇ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಬೀದರಿನ ಡಿಸೆಂಬರ್ ಬೆಳಗಿಗೆ ಕೈ ಕೊಟ್ಟು, ಮಧ್ಯಾಹ್ನಕ್ಕೆ ತಾನೇ ಸರಿಹೋಗುವ ಬಂದೂಕಿದ್ದರೆ ಮೊದಲು ಈ ಎಣ್ಣೆಯನ್ನು ಶಂಕಿಸಿ.

ಬೋಲ್ಟ್ ರೈಫಲ್ ಆದರೆ ಬೋಲ್ಟನ್ನು ಹೊರತೆಗೆದು ಸೀಮೆಎಣ್ಣೆಯಲ್ಲಿ ತೊಳೆಯಿರಿ. ಮೌಸರಿನಲ್ಲಿ ಕುದುರೆ ಏರಿದ ಸ್ಥಿತಿಯಲ್ಲೇ ಸೇಫ್ಟಿಯನ್ನು ನೆಟ್ಟಗೆ ನಿಲ್ಲಿಸಿ ಬೋಲ್ಟನ್ನು ತೆಗೆದರೆ ಹಿಂಭಾಗ ತಿರುವಿ ಬಿಚ್ಚುತ್ತದೆ, ಸೂಜಿ–ಸ್ಪ್ರಿಂಗ್ ಒಟ್ಟಿಗೇ ಹೊರಬರುತ್ತವೆ. ಪೂರ್ತಿ ಒಣಗಿಸಿ, ಬಂದೂಕಿನ ತೆಳು ಎಣ್ಣೆ ಒಂದೇ ಹನಿ ಸವರಿ. ಧಾರಾಳ ಎಣ್ಣೆ ಧೂಳಿಗೆ ಆಹ್ವಾನ. ಬಾಕ್ಸ್‌ಲಾಕ್, ಸೈಡ್‌ಲಾಕ್ ಡಬಲ್‌ಗಳ ಒಳಭಾಗ ಮಾತ್ರ ಗನ್ ಹೌಸಿನವರಿಗೇ ಬಿಡಿ. 1875ರ ಆ್ಯನ್ಸನ್–ಡೀಲಿ ಎಂಬ ಬಾಕ್ಸ್‌ಲಾಕ್ ಮಾದರಿಯಲ್ಲಿ ನಳಿಗೆ ಮಡಚಿದಾಗಲೇ ಒಳಗಿನ ಕುದುರೆ ಏರುತ್ತದೆ. ಹಾಗೇ ಮುಚ್ಚಿಟ್ಟರೆ ವರ್ಷಗಟ್ಟಲೆ ಸ್ಪ್ರಿಂಗ್ ಬಿಗಿದೇ ಇರುತ್ತದೆ. ಡಮ್ಮಿ (ಮದ್ದಿಲ್ಲದ) ತೋಟಾ ಹಾಕಿ ಕುದುರೆ ಇಳಿಸಿ ಇಡಿ. ಖಾಲಿ ಚೇಂಬರಿನ ಮೇಲೆ ಟ್ರಿಗರ್ ಎಳೆಯುತ್ತ ಆಡಿದರೆ ಹಳೇ ಸೂಜಿ ಮುರಿಯುತ್ತದೆ.

ಇದರ ಉಲ್ಟಾ ದೋಷ ಹೆಚ್ಚು ಅಪಾಯದ್ದು: ಟ್ರಿಗರ್ ಮುಟ್ಟದೆ ಕುದುರೆ ಬೀಳುವುದು. ಖಾಲಿ ಬಂದೂಕಿಗೆ ಡಮ್ಮಿ ಹಾಕಿ, ಕುದುರೆ ಏರಿಸಿ, ಕುಂದಾದ ಹಿಂಬದಿಯನ್ನು ರಬ್ಬರ್ ಹಾಸಿನ ಮೇಲೆ ಹಗುರಾಗಿ ಕುಟ್ಟಿ. ಬಿದ್ದರೆ ಅಲ್ಲಿಗೆ ನಿಲ್ಲಿಸಿ, ಗನ್ ಹೌಸಿಗೆ ಒಯ್ಯಿರಿ. ಮಳೆಗಾಲದಲ್ಲಷ್ಟೇ ಬೀಳುತ್ತಿದ್ದರೆ ಉಬ್ಬಿದ ಕಟ್ಟಿಗೆ ಲಾಕಿನ ಕೊಕ್ಕೆಯನ್ನು ಒತ್ತುತ್ತಿರಬಹುದು ಎಂದು ಅವರಿಗೆ ಹೇಳಿ. ಆ ಸುಳಿವಿಲ್ಲದಿದ್ದರೆ ಚೆನ್ನಾಗಿರುವ ಕೊಕ್ಕೆಗೇ ಅರ ಬೀಳುತ್ತದೆ. ಟ್ರಿಗರಿನ ಎಳೆತವನ್ನು ಸ್ಪ್ರಿಂಗ್ ತಕ್ಕಡಿಯಲ್ಲಿ ಅಳೆಯಬಹುದು. ಬ್ರಿಟಿಷ್ ಡಬಲ್‌ಗಳಲ್ಲಿ ಮುಂದಿನದು ಸುಮಾರು 1.6 ಕಿಲೊ, ಹಿಂದಿನದು ಸುಮಾರು 2 ಕಿಲೊ ಇರುವುದು ವಾಡಿಕೆ.

‘ನಳಗಿ ಅಲಗಾಡ್ತದ’

ಡಬಲ್ ಬಂದೂಕಿನಲ್ಲಿ ಮುಂಭಾಗದ ಕಟ್ಟಿಗೆಯನ್ನು ತೆಗೆದೇ ಪರೀಕ್ಷಿಸಬೇಕು. ಅದರ ಸ್ಪ್ರಿಂಗ್ ನಳಿಗೆಯನ್ನು ಹಿಂದಕ್ಕೆ ಒತ್ತಿ ಸಡಿಲನ್ನು ಮುಚ್ಚಿಡುತ್ತದೆ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ನಳಿಗೆ ಮುಚ್ಚಿ, ಎಡಬಲಕ್ಕೆ ಅಲುಗಿಸಿ. ಬೆಳಕಿಗೆ ಹಿಡಿದರೆ ನಳಿಗೆಯ ಹಿಂಬದಿಗೂ ಆ್ಯಕ್ಷನ್ ಮುಖಕ್ಕೂ ನಡುವೆ ಗೆರೆ ಕಾಣಬಾರದು, ಸಿಗರೇಟ್ ಸುತ್ತುವ ತೆಳು ಕಾಗದ ಇಟ್ಟು ಮುಚ್ಚಿದರೆ ಗಟ್ಟಿಯಾಗಿ ಹಿಡಿಯಬೇಕು. ಸಡಿಲೆನಿಸಿದರೂ ಗಾಬರಿ ಬೇಡ: ಕೀಲಿನ ಕೊಕ್ಕೆಯಲ್ಲಿ, ಬೀಗದ ಕಚ್ಚಿನಲ್ಲಿ ಗಟ್ಟಿಯಾದ ಗ್ರೀಸು–ಮಣ್ಣು ತೆಗೆದು ಮತ್ತೊಮ್ಮೆ ನೋಡಿ. ಹಿಂದಿನಿಂದ ನೋಡಿದಾಗ ಮೇಲಿನ ಲಿವರ್ ನಡುವಿಗಿಂತ ತುಸು ಬಲಕ್ಕೆ ನಿಂತಿದ್ದರೆ ಬೀಗದಲ್ಲಿ ಇನ್ನೂ ಆಯುಸ್ಸಿದೆ. ನಡು ದಾಟಿ ಎಡಕ್ಕೆ ಹೋಗಿದ್ದರೆ ಸವೆದಿದೆ.

ಸವೆದ ಕೀಲಿಗೆ ಸರಿಯಾದ ಮದ್ದು ದಪ್ಪದ ಹೊಸ ಕೀಲು ಅಥವಾ ಕೊಕ್ಕೆಗೆ ಲೋಹ ತುಂಬಿಸಿ ಮತ್ತೆ ಹೊಂದಿಸುವುದು. ಕೊಕ್ಕೆಯನ್ನು ಸುತ್ತಿಗೆಯಲ್ಲಿ ಬಡಿದು ಉಬ್ಬಿಸಿದರೆ ಅಂದಿಗೆ ಬಿಗಿ, ಸ್ವಲ್ಪ ದಿನಕ್ಕೆ ಮೊದಲಿಗಿಂತ ಸಡಿಲ. ಆಮೇಲೆ ಸರಿ ಮಾಡುವವರಿಗೂ ಲೋಹ ಉಳಿದಿರುವುದಿಲ್ಲ.

ನಳಿಗೆಗಳನ್ನು ಬಿಡಿಸಿ, ಕೊಕ್ಕೆಗೆ ಬೆರಳು ಹಾಕಿ ತೂಗುಬಿಟ್ಟು ಉಗುರಿನಿಂದ ಮೀಟಿ. ತುಂಬು ನಾದ ಬಂದರೆ ಸರಿ. ಗರಗರ ಅಂದರೆ ಎರಡು ನಳಿಗೆಯ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿದೆ. ಅದರೊಳಗೆ ನೀರು ಸೇರಿ ಕಾಣದ ಜಾಗದಲ್ಲಿ ತುಕ್ಕು ತಿನ್ನುತ್ತದೆ. ಈ ಪಟ್ಟಿಗಳು ಮೆತ್ತನೆ ಬೆಸುಗೆಯವು. ಆದ್ದರಿಂದ ಡಬಲ್ ನಳಿಗೆಗೆ ಬಿಸಿ ಕಾಸ್ಟಿಕ್ ದ್ರಾವಣದ ಕಪ್ಪು ಬಣ್ಣ ಹಾಕಿಸಲೇಬಾರದು. ತುಕ್ಕು ಬರಿಸಿ, ಕುದಿಸಿ, ಉಜ್ಜಿ ಕಪ್ಪೇರಿಸುವ ಹಳೇ ಪದ್ಧತಿಯೇ ಬೇಕು. ಬೀದರಿನಲ್ಲಿ ಒಂದು ಮಾತು ಸೇರಿಸಬೇಕು: ಕೋಟೆಯ ಮಣ್ಣು–ನವಸಾಗರದಿಂದ ಬಿದ್ರಿ ಕಪ್ಪಾಗುವುದು ಅದು ಸತು–ತಾಮ್ರದ ಲೋಹ ಆದ್ದರಿಂದ. ಅದೇ ಮಿಶ್ರಣ ಉಕ್ಕಿಗೆ ಬಿದ್ದರೆ ನವಸಾಗರ ತುಕ್ಕನ್ನೇ ಎಬ್ಬಿಸುತ್ತದೆ.

‘ತೋಟಾ ಹೊರಗ ಬರವಲ್ಲದು’

ಮೊದಲ ಪ್ರಶ್ನೆ, ಆ ತೋಟಾ ಆ ಬಂದೂಕಿನದೇ? ಲೈಸೆನ್ಸ್ ಪುಸ್ತಕದಲ್ಲಿ ‘8 ಎಂಎಂ’ ಎಂದಷ್ಟೇ ಇದ್ದರೆ ಅದು ಇಶಾಪುರದ .315 (8×50 ಅಂಚುಳ್ಳ ತೋಟಾ) ಆಗಿರಬಹುದು, ಜರ್ಮನ್ 8×57 ಆಗಿರಬಹುದು. 8×57ರಲ್ಲೂ ಎರಡು: ಹಳೇದು .318 ಇಂಚಿನ ಗುಂಡು, ಆಮೇಲಿನದು .323 ಇಂಚಿನದು. ಸಣ್ಣ ನಳಿಗೆಗೆ ದೊಡ್ಡ ಗುಂಡು ಹೋದರೆ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ವೆಸ್ಟ್ಲಿ ರಿಚರ್ಡ್ಸ್‌ನ .318 ಇವೆರಡೂ ಅಲ್ಲ, ಅದರ ಗುಂಡು .330 ಇಂಚು. 1907ರಲ್ಲಿ ಭಾರತದಲ್ಲಿ .450 ಬೋರನ್ನು ನಿಷೇಧಿಸಿದ್ದರಿಂದ .470, .465, .475 ಹುಟ್ಟಿದವು, ಕಿವಿಗೆ ಒಂದೇ ಥರ ಕೇಳಿಸುವ ಇವು ಒಂದಕ್ಕೊಂದು ಬದಲಿಯಲ್ಲ. ಪುಸ್ತಕವನ್ನಲ್ಲ, ನಳಿಗೆಯ ಮೇಲಿನ ಮುದ್ರೆಯನ್ನು ಓದಿ. ಮುದ್ರೆ ಅಳಿಸಿದ್ದರೆ ಚೇಂಬರಿನ ಅಚ್ಚು ತೆಗೆಸಿ ಅಳತೆ ಮಾಡಿಸಿ.

ಬಾರಾ (12) ಬೋರ್‌ನಲ್ಲಿ ಇನ್ನೊಂದು ಬಲೆ. ಹಳೇ ಚೇಂಬರ್ 65 ಮಿ.ಮೀ. ಇದ್ದರೂ 70 ಮಿ.ಮೀ. ತೋಟಾ ಅದರೊಳಗೆ ಸಲೀಸಾಗಿ ಕೂರುತ್ತದೆ, ಯಾಕೆಂದರೆ ಆ ಅಳತೆ ಹಾರಿಸಿದ ಮೇಲೆ ಬಿಚ್ಚಿಕೊಂಡ ಉದ್ದದ್ದು. ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. ನಳಿಗೆ ಬಿಡಿಸಿ ಅಡಿಯ ಪ್ರೂಫ್ ಮುದ್ರೆ ನೋಡಿ: 1904ರ ನಂತರದ ಬರ್ಮಿಂಗ್‌ಹ್ಯಾಮ್ ಕೆಲಸದಲ್ಲಿ ಕಿರೀಟದಡಿ ‘ಎನ್‌ಪಿ’, ಲಂಡನ್ನಿನದರಲ್ಲಿ ಕತ್ತಿ ಹಿಡಿದ ಕೈಯಡಿ ‘ಎನ್‌ಪಿ’ ಇದ್ದರೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷಿಸಿದ್ದು. ಆ ಗುರುತಿಲ್ಲದ ಡಮಾಸ್ಕಸ್ ನಳಿಗೆಯನ್ನು (ಕಬ್ಬಿಣ–ಉಕ್ಕಿನ ಪಟ್ಟಿ ಸುತ್ತಿ ಬೆಸೆದದ್ದು) ನೋಡಿ ಸಂತೋಷಪಡಿ, ಇಂದಿನ ತೋಟಾ ಹಾಕಬೇಡಿ.

ತೋಟಾ ಸರಿಯಿದ್ದೂ ಸಿಕ್ಕಿಕೊಂಡರೆ ಬಿಸಿಲನ್ನು ಲೆಕ್ಕಕ್ಕೆ ತನ್ನಿ. ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಕಾದ ತೋಟಾದ ಒತ್ತಡ ಹೆಚ್ಚು. 1912ರ .375 ಹಾಲಂಡ್ ಅಂಡ್ ಹಾಲಂಡ್ ತೋಟಾದ ಗಡಗಿ (ಹಿತ್ತಾಳೆಯ ಕವಚ) ತುದಿಯ ಕಡೆಗೆ ಅಷ್ಟು ಇಳಿಜಾರಾಗಿರುವುದು ಉಷ್ಣ ದೇಶದಲ್ಲಿ ಸುಲಭವಾಗಿ ಹೊರಬರಲೆಂದೇ. ಅಂಥದ್ದೂ ಸಿಕ್ಕಿಕೊಂಡರೆ ಚೇಂಬರಿನ ಗೋಡೆಯಲ್ಲಿ ತುಕ್ಕಿನ ಗುಳಿ ಇದೆ ಎಂದೇ ತಿಳಿಯಿರಿ.

ತುಕ್ಕು

ಚುನಾವಣೆಗೆ ಜಮಾ ಮಾಡಿ ವಾಪಸು ಬಂದ ಬಂದೂಕು, ಮಹಾನವಮಿಯ ಪೂಜೆ ಮುಗಿದ ಬಂದೂಕು, ಇವೆರಡನ್ನೂ ಅದೇ ದಿನ ನೋಡಬೇಕು. ಚರ್ಮದ ಅಥವಾ ಕ್ಯಾನ್ವಾಸ್ ಚೀಲದೊಳಗೆ ತಿಂಗಳಗಟ್ಟಲೆ ಇದ್ದರೆ ಚೀಲವೇ ತೇವ ಹಿಡಿದಿಟ್ಟುಕೊಳ್ಳುತ್ತದೆ. ಜಮಾ ಮಾಡುವ ಮೊದಲು ನಳಿಗೆಗೆ ಒಳಗೂ ಹೊರಗೂ ಗ್ರೀಸಿನ ತೆಳು ಪದರ ಕೊಟ್ಟು, ರಸೀದಿಯಲ್ಲಿ ಬಂದೂಕಿನ ನಂಬರ್ ಬರೆಸಿಕೊಳ್ಳಿ. ಪೂಜೆಯಲ್ಲಿ ಬಿದ್ದ ನಿಂಬೆರಸ, ಅರಿಶಿಣ–ಕುಂಕುಮದ ನೀರು ಒಂದೇ ರಾತ್ರಿಯಲ್ಲಿ ಗುರುತು ಮಾಡುತ್ತವೆ. ಶಹಾಬಾದ್ ಕಲ್ಲಿನ ನೆಲದ ಮೇಲೆ ನೇರ ನಿಲ್ಲಿಸಿದರೆ ಮಳೆಗಾಲದಲ್ಲಿ ಕುಂದಾದ ಬುಡ ತೇವ ಕುಡಿಯುತ್ತದೆ, ಹಲಗೆ ಹಾಕಿ.

ಹಳೇ ತೋಟಾ ಹಾರಿಸಿದ ನಳಿಗೆಯೊಳಗೆ ಎಣ್ಣೆ ಹಚ್ಚಿಟ್ಟರೂ ತುಕ್ಕು ಬಂದರೆ ಕಾರಣ ಉಪ್ಪು. ಹಳೇ ಟೋಪಿಯ ಕ್ಲೋರೇಟ್ ಸುಟ್ಟು ಪೊಟ್ಯಾಶಿಯಂ ಕ್ಲೋರೈಡ್ ಉಳಿಯುತ್ತದೆ, ಅದು ಎಣ್ಣೆಯಲ್ಲಿ ಕರಗದು. ಕುದಿನೀರು ಹಾಯಿಸಿ, ಬಿಸಿ ಇರುವಾಗಲೇ ಒಣಗಿಸಿ, ಆಮೇಲೆ ಎಣ್ಣೆ. ಹೊರಮೈಯ ತುಕ್ಕಿಗೆ ಎಮರಿ ಕಾಗದ ಮುಟ್ಟಿಸಬೇಡಿ, ಕೆತ್ತನೆಯೂ ಬಣ್ಣವೂ ಒಟ್ಟಿಗೇ ಹೋಗುತ್ತವೆ. ಎಣ್ಣೆಯಲ್ಲಿ ನೆನೆಸಿ ಬಿಟ್ಟು, ನಾಲ್ಕು ಸೊನ್ನೆಯ ಉಕ್ಕಿನ ಉಣ್ಣೆಯಿಂದ ಹಗುರಾಗಿ ಉಜ್ಜಿ. ನಳಿಗೆಯೊಳಗೆ ಉಂಗುರದಂಥ ನೆರಳು ಕಂಡರೆ ಅದು ತುಕ್ಕಲ್ಲ, ಉಬ್ಬು. ಆ ಬಂದೂಕು ಹಾರಿಸುವಂತಿಲ್ಲ.

ತೊಗರಿ ಚೀಲ ಇಟ್ಟ ಕೋಣೆಯಲ್ಲಿ ಬಂದೂಕು, ತೋಟಾ ಎರಡನ್ನೂ ಇಡಬೇಡಿ. ಹುಳಕ್ಕೆಂದು ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯಿಂದ ಹೊರಡುವ ಫಾಸ್ಫೀನ್ ಅನಿಲ ತಾಮ್ರ–ಹಿತ್ತಾಳೆಯನ್ನು ತಿನ್ನುತ್ತದೆ, ತೇವ ಇದ್ದರೆ ಇನ್ನೂ ಬೇಗ. ಹಿತ್ತಾಳೆ ಗಡಗಿ ಕಪ್ಪಾಗಿದ್ದರೆ, ಹಸಿರು ಕಟ್ಟಿದ್ದರೆ, ಕತ್ತಿನಲ್ಲಿ ಕೂದಲೆಳೆ ಬಿರುಕಿದ್ದರೆ ಅವನ್ನು ಉಜ್ಜಿ ಹೊಳಪು ಮಾಡಿ ಬಳಸಬೇಡಿ. ಹೊಲದಲ್ಲಿ ಹೂಳುವುದೂ ಬೇಡ, ಬಾವಿಗೆ ಎಸೆಯುವುದೂ ಬೇಡ. ಲೈಸೆನ್ಸ್ ಪುಸ್ತಕದೊಡನೆ ಗನ್ ಹೌಸಿಗೋ ಠಾಣೆಗೋ ಒಪ್ಪಿಸಿ, ಎಷ್ಟು ತೋಟಾ ಕೊಟ್ಟಿರಿ ಎಂಬುದಕ್ಕೆ ರಸೀದಿ ಪಡೆಯಿರಿ.